ಕಡ್ಡಿ ಪೈಲ್ವಾನ

ಬ್ಯಾಡಗಿ ಪೇಟೆಯಲ್ಲಿ ಅಪ್ಪ ಗುಮಾಸ್ತನಾಗಿದ್ದ ದಲಾಲಿ ಅಂಗಡಿಯ ಮುಂದೆ ಮೆಣಸಿನಕಾಯಿ ಚೀಲ ತೂಗುವ ಕಾಟಾ ಇತ್ತು. 1995ರ ಜೂನ್ ತಿಂಗಳು. ಪಿಯುಸಿ ಮುಗಿಸಿದ್ದ ನಾನು ಮರುದಿನ ರಾಣೇಬೆನ್ನೂರಿನ ಕಾಲೇಜಿಗೆ ಹೆಸರು ಹಚ್ಚಬೇಕಿತ್ತು. ಅಪ್ಪ ನನ್ನನ್ನು ಕರೆದು ಕಾಟಾದ ಮೇಲೆ ನಿಲ್ಲಿಸಿದ. ಮುಳ್ಳು ಸ್ವಲ್ಪ ಹೊತ್ತು ಅಲ್ಲಾಡಿ 48ಕ್ಕೆ ನಿಂತಿತು. ನನ್ನ ಎತ್ತರ ಆಗಲೇ ಐದಡಿ ಎಂಟಂಗುಲ. ಅಪ್ಪ ಏನೂ ಅನ್ನಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಕಿರ್ದಿ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ, ಪಕ್ಕದಲ್ಲಿ 48 ಎಂದು ಬರೆದ. ಚೀಲಕ್ಕೆ ಒರಗಿ ಕುಳಿತಿದ್ದ ಹಿರಿಯ ಹಮಾಲರೊಬ್ಬರು, "ಇರ್ಲಿ ಬಿಡ್ರಿ, ಕಡ್ಡಿ ಆದ್ರೂ ಬ್ಯಾಡಗಿ ಕಡ್ಡಿ ಅಲ್ಲೇನು" ಅಂದರು.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಡಬ್ಬಿ ಗಿಡ್ಡ, ಉಬ್ಬಿದ ಮೈ, ಒಳಗೆ ಬೀಜ ಹೆಚ್ಚು. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು, ಬೀಜ ಕಡಿಮೆ. 2011ರಲ್ಲಿ ನಮ್ಮ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಎರಡೂ ಆ ಹೆಸರಿನೊಳಗೆ ಬಂದವು. ಬೇರೆ ಊರುಗಳಲ್ಲಿ ತೆಳ್ಳಗಿನ ಹುಡುಗನನ್ನು ನರಪೇತಲ ಅನ್ನುತ್ತಾರೆ, ಸಣಕಲ ಅನ್ನುತ್ತಾರೆ. ನಮ್ಮ ಊರಲ್ಲಿ ಕಡ್ಡಿ ಅಂದರೆ ಮುಗಿಯಿತು. ಅಂಥವನು ಮೈ ಬೆಳೆಸಬೇಕು ಅಂದರೆ 'ಕಡ್ಡಿ ಪೈಲ್ವಾನ'. ಹತ್ತು ವರ್ಷ ನಾನು ಆ ಹೆಸರು ಹೊತ್ತು ತಿರುಗಿದೆ.

ತೆಳ್ಳಗಿರುವವರ ನೋವನ್ನು ಯಾರೂ ನೋವೆಂದು ಹಿಡಿಯುವುದಿಲ್ಲ. ದಪ್ಪಗಿರುವವರಿಗೆ 'ಕಡಿಮೆ ಉಣ್ಣು' ಅನ್ನಲು ಜನ ಸ್ವಲ್ಪವಾದರೂ ಅಳುಕುತ್ತಾರೆ. ತೆಳ್ಳಗಿನ ಹುಡುಗನ ರಟ್ಟೆಯನ್ನು ಮಾತ್ರ ಮದುವೆ ಮನೆಯಲ್ಲಿ ನೂರು ಜನರ ಎದುರು ಎರಡು ಬೆರಳಲ್ಲಿ ಹಿಡಿದು ನೋಡುತ್ತಾರೆ. "ಯಾಕೋ ತಮ್ಮಾ, ನಿಮ್ಮವ್ವ ಉಣ್ಣಾಕ ಹಾಕಂಗಿಲ್ಲೇನು?" ಎಂದು ಕೇಳುತ್ತಾರೆ. ಆ ಮಾತು ಹುಡುಗನಿಗೆ ತಾಗುವುದಕ್ಕಿಂತ ಹೆಚ್ಚಾಗಿ ಒಲೆಯ ಮುಂದೆ ಕುಳಿತ ಅವನ ತಾಯಿಗೆ ತಾಗುತ್ತದೆ. ಏಪ್ರಿಲ್ ಬಿಸಿಲಲ್ಲೂ ನಾನು ತುಂಬುತೋಳಿನ ಅಂಗಿ ಹಾಕುತ್ತಿದ್ದೆ. ವಾಚಿನ ಬೆಲ್ಟಿಗೆ ಅಪ್ಪ ದಬ್ಬಣ ಕಾಯಿಸಿ ಎರಡು ಹೆಚ್ಚಿನ ತೂತು ಮಾಡಿಕೊಟ್ಟಿದ್ದ.

ಅವ್ವ ನನ್ನನ್ನು ಹಾವೇರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ರಕ್ತ, ಕಫ, ಎದೆಯ ಎಕ್ಸ್‌ರೇ ಎಲ್ಲ ಆಯಿತು. ಜಂತುಹುಳಕ್ಕೆ ಒಂದು ಗುಳಿಗೆ ಕೊಟ್ಟರು. ಕ್ಷಯ ಇಲ್ಲ, ಥೈರಾಯ್ಡ್ ಇಲ್ಲ, ಸಕ್ಕರೆ ಇಲ್ಲ. "ಇದು ರೋಗ ಅಲ್ಲವಾ ತಾಯಿ, ಮೈಕಟ್ಟು. ಇವರಪ್ಪನ್ನ ನೋಡು" ಅಂದರು. ಅವ್ವ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಮಾತಾಡಲಿಲ್ಲ. ಆಮೇಲೆ ಸಮಾಧಾನದ ಉಸಿರು ಬಿಟ್ಟಳು. ಈ ಕೆಲಸ ಮೊದಲು ಮಾಡಿಸಿದ್ದು ಒಳ್ಳೆಯದಾಯಿತು. ಯಾರದಾದರೂ ತೂಕ ಕಾರಣವಿಲ್ಲದೆ ಇಳಿಯುತ್ತಿದ್ದರೆ, ಸಂಜೆ ಜ್ವರ, ಬಿಡದ ಕೆಮ್ಮು ಇದ್ದರೆ, ವ್ಯಾಯಾಮದ ಮಾತು ಆಮೇಲೆ, ಆಸ್ಪತ್ರೆ ಮೊದಲು.

ರಾಣೇಬೆನ್ನೂರಿನಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆಯ ಹಿಂದಿನ ಓಣಿಯಲ್ಲಿ ಒಂದು ಗರಡಿ ಮನೆ ಇತ್ತು. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕತ್ತಲು, ಮೇಲೊಂದು ಬೆಳಕಿಂಡಿ, ಎದುರು ಗೋಡೆಯಲ್ಲಿ ಹನುಮಂತದೇವರು. ನಡುವೆ ಕೆಮ್ಮಣ್ಣಿನ ಅಖಾಡ. ಎಣ್ಣೆ, ಅರಿಶಿನ, ನಿಂಬೆಹಣ್ಣು, ಮಜ್ಜಿಗೆ ಹಾಕಿ ಹದ ಮಾಡಿದ ಮಣ್ಣು ಅದು. ಅದರ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಮೂಲೆಯಲ್ಲಿ ಲೋಡುಗಳು, ಒಂದು ಗದೆ, ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಇಟ್ಟ ಗುಂಡುಕಲ್ಲುಗಳು.

ವಸ್ತಾದರು ಎಪ್ಪತ್ತರ ಹತ್ತಿರದವರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ. ಆ ಒಂದು ಕಾರಣಕ್ಕೇ ನಾನು ಮರುದಿನವೂ ಅಲ್ಲಿಗೆ ಹೋದೆ.

"ಎಷ್ಟ ತೂಕ ಅದೀ?"

"ನಲವತ್ತೆಂಟ್ರಿ ಅಜ್ಜಾರ."

"ಸಲಿಕಿ ತಗೋ."

ಮೊದಲ ತಿಂಗಳು ನಾನು ಮಾಡಿದ್ದು ಹೆಚ್ಚಾಗಿ ಮಣ್ಣು ಅಗೆಯುವ ಕೆಲಸ. ಹೊರಗಿನವರಿಗೆ ಅದು ಚಾಕರಿ ಅನ್ನಿಸಬಹುದು. ಸಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಮಡಚಿ, ಸೊಂಟದಿಂದ ಬಗ್ಗಿ, ಗಟ್ಟಿಯಾದ ಮಣ್ಣಿಗೆ ಚುಚ್ಚಿ, ಎತ್ತಿ, ಮಗುಚಿ ಹಾಕಬೇಕು. ಒಂದು ಸುತ್ತು ಮುಗಿಯುವಷ್ಟರಲ್ಲಿ ಹಿಮ್ಮಡಿಯಿಂದ ಕತ್ತಿನವರೆಗೆ ಮೈಯ ಹಿಂಭಾಗವೆಲ್ಲ ಉರಿಯುತ್ತಿತ್ತು. ಬೆನ್ನು ಬಗ್ಗಿದರೆ ವಸ್ತಾದರು ಕೋಲಿನ ತುದಿಯಿಂದ ಅಲ್ಲೇ ಮುಟ್ಟುತ್ತಿದ್ದರು, "ಇಲ್ಲಿ ನೆಟ್ಟಗ". ವರ್ಷಗಳ ನಂತರ ಜಿಮ್ಮಿನಲ್ಲಿ ನೆಲದಿಂದ ಕಬ್ಬಿಣ ಎತ್ತುವುದನ್ನು ಕಲಿಸುವವರು ಹೇಳಿದ್ದೂ ಇದೇ ಮಾತು: ಮೊಣಕಾಲು ಮಡಚು, ಬೆನ್ನು ನೆಟ್ಟಗಿಡು, ಹಿಮ್ಮಡಿ ಊರು. ಅದೆಲ್ಲ ನನಗೆ ಸಲಿಕೆಯೇ ಕಲಿಸಿತ್ತು.

ಜೊತೆಗೆ ಸಾಮು. ಮೊದಲ ದಿನ 5 ದಂಡ, 10 ಬೈಠಕ್. ಹುರುಪಿನಲ್ಲಿ ಹೆಚ್ಚು ಹೊಡೆಯಲು ಹೋದರೆ ವಸ್ತಾದರು ಬಿಡುತ್ತಿರಲಿಲ್ಲ. ವಾರಕ್ಕೆ ಎರಡು ದಂಡ, ಐದು ಬೈಠಕ್ ಮಾತ್ರ ಏರಿಸಬೇಕು. ವಾರದಲ್ಲಿ ಒಂದು ದಿನ ಕಡ್ಡಾಯ ಬಿಡುವು. "ಮೈಯಾಗಿನ ಮಾಂಸ ಸಾಮು ಮಾಡುವಾಗ ಬೆಳೆಯಂಗಿಲ್ಲ, ಮಲಗಿದಾಗ ಬೆಳಿತೈತಿ" ಅನ್ನುತ್ತಿದ್ದರು. ಅವರು ಹೇಳಿದ್ದು ಬಹುಮಟ್ಟಿಗೆ ನಿಜ. ದುಡಿತ ಬಿದ್ದಾಗ ಸ್ನಾಯುವಿನ ಎಳೆಗಳು ದಣಿಯುತ್ತವೆ, ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುವುದೂ ಉಂಟು. ಆ ಮೇಲಿನ ಒಂದೆರಡು ದಿನ ಮೈ ಅವನ್ನು ದುರಸ್ತಿ ಮಾಡುತ್ತದೆ. ಊಟ, ನಿದ್ದೆ ಎರಡೂ ಸಾಕಷ್ಟಿದ್ದರೆ ಮೊದಲಿಗಿಂತ ಸ್ವಲ್ಪ ದಪ್ಪಗೆ ಕಟ್ಟುತ್ತದೆ. ಅಷ್ಟೇ ಭಾರ, ಅಷ್ಟೇ ಎಣಿಕೆ ಎಂದು ನಿಂತರೆ ಅದು ಕಟ್ಟುವುದನ್ನೂ ಅಲ್ಲಿಗೇ ನಿಲ್ಲಿಸುತ್ತದೆ. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಕ್ರೋಟನ್ ಎಂಬ ಗ್ರೀಕ್ ಪಟ್ಟಣದಲ್ಲಿ ಮೈಲೋ ಎಂಬ ಜಟ್ಟಿಯಿದ್ದ. ಅವನು ಒಂದು ಕರುವನ್ನು ದಿನಾ ಹೆಗಲ ಮೇಲೆ ಹೊರುತ್ತಿದ್ದನಂತೆ. ಕರು ಹೋರಿಯಾಗುವಷ್ಟರಲ್ಲಿ ಹೋರಿಯನ್ನೇ ಹೊರುವ ಕಸುವು ಬಂದಿತ್ತು ಎಂಬ ಕಥೆಯಿದೆ. ನಮ್ಮ ವಸ್ತಾದರು ಆ ಕಥೆ ಕೇಳಿರಲಿಲ್ಲ. ಆದರೆ ಅವರ ಗುಂಡುಕಲ್ಲಿನ ಸಾಲು ಆ ಕರುವೇ.

ದೀಪಾವಳಿಯ ಹೊತ್ತಿಗೆ ನನ್ನ ಎಣಿಕೆ 37 ದಂಡ, 90 ಬೈಠಕ್ ಮುಟ್ಟಿತ್ತು. ಮೂರನೆಯ ಗುಂಡು ಎದೆಯವರೆಗೆ ಬರುತ್ತಿತ್ತು. ಹಬ್ಬಕ್ಕೆ ಊರಿಗೆ ಬಂದವನೇ ಓಡಿಹೋಗಿ ಕಾಟಾದ ಮೇಲೆ ನಿಂತೆ. ನಲವತ್ತೆಂಟೂವರೆ.

ಆ ದಿನ ನನಗೆ ಅಳು ಬಂತು. ನಾಲ್ಕು ತಿಂಗಳ ದುಡಿತಕ್ಕೆ ಅರ್ಧ ಕೆ.ಜಿ.! ಮೊದಲ ಆರೆಂಟು ವಾರಗಳಲ್ಲಿ ಬರುವ ಕಸುವಿನ ಬಹುಪಾಲು ನರಗಳ ಕಲಿಕೆಯದು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಇರುವ ಮಾಂಸವನ್ನೇ ಒಗ್ಗೂಡಿಸಿ ಎಳೆಯುವುದನ್ನು ಮೈ ಕಲಿಯುತ್ತದೆ, ಹೊಸ ಮಾಂಸ ಕೂಡುವುದು ಆಮೇಲೆ. ಅದೂ ಕೂಡಬೇಕಾದರೆ ಸಾಮಾನು ಬೇಕು. ಗೌಂಡಿ ಎಷ್ಟು ಜಾಣನಾದರೂ ಇಟ್ಟಿಗೆ ಇಲ್ಲದೆ ಗೋಡೆ ಏಳುವುದಿಲ್ಲ.

ಇಟ್ಟಿಗೆಯ ವಿಷಯ ನನಗೆ ತಿಳಿಸಿದವನು ನಮ್ಮ ಕಾಕಾ, ಅದೂ ಹೋರಿಯ ಕೊಟ್ಟಿಗೆಯಲ್ಲಿ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆಯ ಹಳ್ಳಿಗಳಲ್ಲಿ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಬೆನ್ನ ಮೇಲೆ ಝೂಲಾ ಹಾಕಿದ ಹೋರಿಗಳು ಜನರ ಸಾಲಿನ ನಡುವೆ ಓಡುತ್ತವೆ. ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಬ್ಯಾಡಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕಾಕಾ ಒಂದು ಹೋರಿ ಕಟ್ಟಿದ್ದ. ಎರಡು ವರ್ಷದ ಹಿಂದೆ ಸಂತೆಯಿಂದ ಹಿಡಿದು ತಂದಾಗ ಅದರ ಪಕ್ಕೆಲುಬು ಎಣಿಸಬಹುದಿತ್ತು. ಈಗ ನೊಣ ಕುಳಿತರೆ ಜಾರುವ ಹಾಗೆ ಮೈ ಹೊಳೆಯುತ್ತಿತ್ತು.

"ಇದಕ್ಕೇನ್ ಹಾಕ್ತಿ ಕಾಕಾ?"

ಕಾಕಾ ಬೆರಳು ಮಡಚಿ ಹೇಳತೊಡಗಿದ. ಮುಂಜಾನೆ ನೆನೆಸಿದ ಹುರುಳಿ, ಮೇಲೆ ಬೆಲ್ಲ. ಮಧ್ಯಾಹ್ನ ಹತ್ತಿಕಾಳು, ಶೇಂಗಾ ಹಿಂಡಿ. ಸಂಜೆ ಮತ್ತೆ ಹುರುಳಿ. ರಾತ್ರಿಯೆಲ್ಲ ಜೋಳದ ಕಣಿಕೆ ಮುಂದಿರಬೇಕು. ದಿನಕ್ಕೊಮ್ಮೆ ಕೆರೆಯಲ್ಲಿ ಈಜಿಸಬೇಕು, ಮೈ ತಿಕ್ಕಬೇಕು, ಆಮೇಲೆ ನೆರಳಲ್ಲಿ ಮಲಗಿಸಬೇಕು. ಎಷ್ಟು ಸೇರು, ಯಾವ ಹೊತ್ತು, ಯಾವ ತಿಂಗಳಲ್ಲಿ ಎಷ್ಟು ಏರಿಸಿದ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಹೇಳಿ ಮುಗಿಸಿ, "ಈಗ ನಿಂದು ಹೇಳಪಾ, ನೀ ಏನ್ ತಿಂತಿ?" ಅಂದ.

ನನಗೆ ಉತ್ತರ ಬರಲಿಲ್ಲ. ಹೋರಿಯ ಲೆಕ್ಕ ಕಾಕಾನ ಬಾಯಲ್ಲಿತ್ತು. ಚೀಲಗಳ ಲೆಕ್ಕ ಅಪ್ಪನ ಕಿರ್ದಿಯಲ್ಲಿತ್ತು. ನನ್ನ ಹೊಟ್ಟೆಯ ಲೆಕ್ಕ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ರಾಣೇಬೆನ್ನೂರಿಗೆ ಮರಳಿದವನೇ ಒಂದು ನೋಟ್‌ಬುಕ್ ತಂದೆ. ಅಪ್ಪ ಅಂಗಡಿಯ ಜಮಾ ಖರ್ಚು ಬರೆಯುವ ಹಾಗೆ ಬಾಯಿಗೆ ಹೋದದ್ದನ್ನೆಲ್ಲ ಒಂದು ವಾರ ಬರೆದೆ. ಅಲ್ಲಿಯವರೆಗೆ ನಾನೂ ಎಲ್ಲ ತೆಳ್ಳಗಿನವರ ಹಾಗೆ, 'ನಾನು ಬಹಳ ಉಣ್ಣುತ್ತೇನೆ, ಮೈಗೆ ಹತ್ತುವುದಿಲ್ಲ' ಅನ್ನುತ್ತಿದ್ದೆ. ನೋಟ್‌ಬುಕ್ ಬೇರೆಯೇ ಹೇಳಿತು. ಭಾನುವಾರ ಊರಲ್ಲಿ ಹೊಟ್ಟೆ ಬಿರಿಯ ಉಂಡದ್ದು ನೆನಪಿನಲ್ಲಿತ್ತು. ಸೋಮವಾರ ಮುಂಜಾನೆ ಬರೀ ಚಹಾ ಕುಡಿದು ಕಾಲೇಜಿಗೆ ಹೋದದ್ದು ನೆನಪಿನಲ್ಲಿರಲಿಲ್ಲ. ದಿನಕ್ಕೆ ಎರಡು ಮೂರು ರೊಟ್ಟಿ, ಒಂದಿಷ್ಟು ಅನ್ನ, ನೀರು ಸಾರು. ಚಹಾ ಮಾತ್ರ ನಾಲ್ಕು ಸಲ, ಪ್ರತಿ ಸಲವೂ ಊಟದ ಹಸಿವನ್ನು ಕೊಂದು. ಕಾಳು ವಾರಕ್ಕೆ ಎರಡು ದಿನ ಇದ್ದರೆ ಹೆಚ್ಚು.

ವಿಜ್ಞಾನ ಪದವಿಯ ವಿದ್ಯಾರ್ಥಿಯಾದ್ದರಿಂದ ಗ್ರಂಥಾಲಯದಲ್ಲಿ ಆಹಾರದ ಕೋಷ್ಟಕ ಹುಡುಕುವುದು ಗೊತ್ತಿತ್ತು. ಸಾಧಾರಣ ಆರೋಗ್ಯಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನು ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇವತ್ತು ಹೇಳುತ್ತದೆ. ಭಾರ ಎತ್ತಿ ಮೈ ಕಟ್ಟುವವರಿಗೆ 1.6 ಗ್ರಾಂವರೆಗೆ ಪ್ರಯೋಜನವಿದೆ ಎಂಬುದು ಈಚಿನ ಸಂಶೋಧನೆಗಳ ಸಾರ. ಹಾಗೆಂದರೆ 50 ಕೆ.ಜಿ.ಯ ಹುಡುಗನಿಗೆ ದಿನಕ್ಕೆ 80 ಗ್ರಾಂ ಆಯಿತು. ಇದರ ಮೇಲೆ, ಮೈ ದಿನಾ ಸುಡುವುದಕ್ಕಿಂತ 300ರಿಂದ 500 ಕ್ಯಾಲೊರಿ ಹೆಚ್ಚು ಉಣ್ಣಬೇಕು. ಪ್ರೋಟೀನಿನ ಮಾತು ಎಲ್ಲರೂ ಆಡುತ್ತಾರೆ, ಈ ಎರಡನೆಯದನ್ನು ಮರೆಯುತ್ತಾರೆ. ತೆಳ್ಳಗಿನವನು ಸೋಲುವುದು ಅಲ್ಲೇ.

ಅವ್ವನಿಗೆ ಕಾಗದ ಬರೆದೆ. ಮುಂದಿನ ವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂದ ಬುತ್ತಿಯ ಭಾರವೇ ಬೇರೆ. ಬಿಳಿ ಅರಿವೆಯಲ್ಲಿ ಸುತ್ತಿದ ಖಡಕ್ ಜೋಳದ ರೊಟ್ಟಿ ಒಂದು ಕಟ್ಟು. ಶೇಂಗಾ ಚಟ್ನಿ ಪುಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮೂರು ಡಬ್ಬಿ. ಒಣ ಮಡಕಿಕಾಳು, ಹೆಸರುಕಾಳು, ಹುರುಳಿ ಒಂದೊಂದು ಸೇರು. ಹುರಿದ ಶೇಂಗಾ ಬೇರೆ ಪೊಟ್ಟಣ. ಗಾಜಿನ ಬಾಟಲಿಯಲ್ಲಿ ಬೆಣ್ಣೆ ಕಾಸಿದ ತುಪ್ಪ. ನನ್ನ ಕೋಣೆಯ ಸೀಮೆಎಣ್ಣೆ ಸ್ಟೋವಿನ ಮೇಲೆ ನಾನೇ ಕಾಳು ಬೇಯಿಸಲು ಕಲಿತೆ. ರಾತ್ರಿ ನೆನೆಹಾಕಿ, ಮುಂಜಾನೆ ಬಸಿದು ಒದ್ದೆ ಅರಿವೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮಡಕಿ ಮೊಳಕೆ ಒಡೆಯುತ್ತಿತ್ತು. ಉಳ್ಳಾಗಡ್ಡಿ, ನಮ್ಮೂರ ಮೆಣಸಿನಕಾಯಿ ಪುಡಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಮೇಲೆ ಎರಡು ಚಮಚ ಶೇಂಗಾ ಪುಡಿ.

ಲೆಕ್ಕ ಹೀಗೆ ಕೂಡಿತು: ದಿನಕ್ಕೆ ಐದು ರೊಟ್ಟಿಯಿಂದ 25 ಗ್ರಾಂ ಪ್ರೋಟೀನು; ನೂರು ಗ್ರಾಂ ಒಣ ಕಾಳಿನಿಂದ 22, 23; ಐವತ್ತು ಗ್ರಾಂ ಶೇಂಗಾದಿಂದ 12, 13; ಅರ್ಧ ಲೀಟರ್ ಹಾಲು ಮೊಸರಿನಿಂದ 15. ಎಲ್ಲ ಸೇರಿ 75ರ ಆಸುಪಾಸು. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಜೋಳದಲ್ಲಿದೆ. ರೊಟ್ಟಿಯ ಜೊತೆ ಕಾಳುಪಲ್ಯ ಎಂದು ನಮ್ಮ ಹಿರಿಯರು ಜೋಡಿಸಿದ್ದು ಇಂಥ ತೂಕದ ಜೋಡಿ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ಅಕ್ಕಿಗೂ ವಾದ ಹಚ್ಚಿ ರಾಗಿಯನ್ನು ಗೆಲ್ಲಿಸಿದರು. ಬಡವರ ಕಾಳಿಗೆ ಮಾನ ತಂದುಕೊಟ್ಟ ಆ ಕಾವ್ಯ ಹುಟ್ಟಿದ ನೆಲದಲ್ಲಿ ಹುರುಳಿಯನ್ನು 'ದನದ ತಿನಿಸು' ಎಂದು ಬದಿಗೆ ಸರಿಸುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆ ಮಾಂಸ ಇರಲಿಲ್ಲ. ತಿನ್ನುವವರಿಗೆ ಮೊಟ್ಟೆ ಬಹಳ ಸುಲಭದ ದಾರಿ, ಒಂದರಲ್ಲಿ 6 ಗ್ರಾಂ ಪ್ರೋಟೀನು ಸಿಗುತ್ತದೆ. ಆದರೆ ಅದಿಲ್ಲದೆ ಆಗುವುದೇ ಇಲ್ಲ ಎಂದು ಗೆಳೆಯರು ಹೇಳಿದಾಗ ನನ್ನ ಮನಸ್ಸೂ ಅಲುಗಾಡಿತ್ತು. ಗಾಂಧೀಜಿಗೂ ಹುಡುಗನಾಗಿದ್ದಾಗ ಗೆಳೆಯನೊಬ್ಬ ಇದೇ ಮಾತು ಹೇಳಿ ಗುಟ್ಟಾಗಿ ಮಾಂಸ ತಿನ್ನಿಸಿದ್ದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. 1930ರಲ್ಲಿ ಅದೇ ಗಾಂಧೀಜಿ ಸಾಬರಮತಿಯಿಂದ ದಂಡಿಗೆ 24 ದಿನ, 385 ಕಿ.ಮೀ. ನಡೆದಾಗ ಜೊತೆಗಿದ್ದ ಸತ್ಯಾಗ್ರಹಿಗಳಲ್ಲಿ ಕರ್ನಾಟಕದವರು ಒಬ್ಬರೇ, ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವ. ಆಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ಕಸುವು ಅಂದಾಗಲೆಲ್ಲ ನನಗೆ ಮೊದಲು ನೆನಪಾಗುವ ಹೆಸರು ಅದು.

ಉಣ್ಣುವುದು ಸಾಮಿಗಿಂತ ಕಷ್ಟದ ಕೆಲಸ. ಹಸಿವೇ ಆಗದ ಮೈ ನನ್ನದು. ಮೂರನೆಯ ರೊಟ್ಟಿಗೆ ಗಂಟಲು ಕಟ್ಟುತ್ತಿತ್ತು. ಹಸಿವಾದಾಗ ಉಣ್ಣುವುದನ್ನು ಬಿಟ್ಟು ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದೆ. ಎರಡು ಊಟವನ್ನು ನಾಲ್ಕು ಮಾಡಿದೆ. ಊಟಕ್ಕೆ ಮೊದಲು ಚೊಂಬುಗಟ್ಟಲೆ ನೀರು ಕುಡಿಯುವುದನ್ನು ಬಿಟ್ಟೆ. ನಾಲ್ಕು ಚಹಾದಲ್ಲಿ ಮೂರನ್ನು ಹಾಲು ಮಾಡಿದೆ. ಮುಂಜಾನೆಯ ಕ್ಲಾಸಿನ ನಡುವೆ ಜೇಬಿನ ಶೇಂಗಾ ಬೆಲ್ಲ. ಮೊದಲ ಎರಡು ವಾರ ಹೊಟ್ಟೆ ಉಬ್ಬರಿಸಿತು, ಹುರುಳಿ ಕಾಟ ಕೊಟ್ಟಿತು. ಕಾಳನ್ನು ಹೆಚ್ಚು ಹೊತ್ತು ನೆನೆಸಿ, ನೆನೆಸಿದ ನೀರು ಚೆಲ್ಲಿ ಬೇಯಿಸತೊಡಗಿದ ಮೇಲೆ ಸರಿಹೋಯಿತು. ಹತ್ತು ಗಂಟೆಗೆ ದೀಪ ಆರಿಸಿ ಎಂಟು ತಾಸು ಮಲಗುವುದೂ ಲೆಕ್ಕದ ಒಂದು ಸಾಲಾಯಿತು.

1996ರ ಸಂಕ್ರಾಂತಿಗೆ 50. ಯುಗಾದಿಗೆ ಐವತ್ತೊಂದೂವರೆ. ಆ ವರ್ಷದ ದೀಪಾವಳಿಗೆ 55. ಅಂದರೆ ನನ್ನ ಎತ್ತರಕ್ಕೆ ವೈದ್ಯರು ಹೇಳುವ ಕನಿಷ್ಠ ತೂಕದ ಗೆರೆ ಮುಟ್ಟಿದ್ದೆ. ಧಾರವಾಡ ಜಿಲ್ಲೆ ಒಡೆದು 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾದಾಗ ನಾನು 59. ನಡುವೆ ಪರೀಕ್ಷೆಯ ತಿಂಗಳಲ್ಲಿ ಎರಡು ಕೆ.ಜಿ. ಇಳಿದು ಮತ್ತೆ ಏರಿದ್ದೂ ಉಂಟು. 1998ರ ಮಾರ್ಚಿನಲ್ಲಿ 61. ಪ್ರತಿ ಸಲವೂ ಅಪ್ಪ ತಾರೀಖು ಹಾಕಿ ಬರೆಯುತ್ತಿದ್ದ. ವರ್ಷ ಬದಲಾಗಿ ಕಿರ್ದಿ ಬದಲಾದರೆ ಆ ಕೊನೆಯ ಹಾಳೆಯನ್ನು ಹರಿದು ಹೊಸ ಪುಸ್ತಕಕ್ಕೆ ಅಂಟಿಸುತ್ತಿದ್ದ. ಕಳೆದ ವರ್ಷ ಅಪ್ಪನ ಪೆಟ್ಟಿಗೆ ತೆಗೆದಾಗ ಆ ಹಾಳೆ ಸಿಕ್ಕಿತು. 48ರಿಂದ 61ರವರೆಗೆ ಹನ್ನೊಂದು ಸಾಲು, ಪಕ್ಕದಲ್ಲಿ ಒಂದು ಮಾತೂ ಇಲ್ಲ. ಮೆಣಸಿನಕಾಯಿಯ ಘಾಟು ಅದರಲ್ಲಿ ಇನ್ನೂ ಇತ್ತು.

ಮಣಿಕಟ್ಟು ಮಾತ್ರ ದಪ್ಪವಾಗಲಿಲ್ಲ. ಎಲುಬಿನ ಅಗಲ ಹುಟ್ಟಿನೊಂದಿಗೆ ಬಂದದ್ದು, ಅದಕ್ಕೆ ಯಾವ ಸಾಮೂ ಇಲ್ಲ. ನನ್ನ 61 ಕೆ.ಜಿ.ಯನ್ನು ಇನ್ನೊಬ್ಬ ನೋಡಿದರೆ ತೆಳ್ಳಗಿದ್ದಾನೆ ಎಂದೇ ಅಂದಾನು. ಬ್ಯಾಡಗಿ ಪೇಟೆಯಲ್ಲಿ ಸುಗ್ಗಿಯ ಕಾಲದಲ್ಲಿ ಹಮಾಲರನ್ನು ನೋಡಬೇಕು. ಬಹಳ ಮಂದಿ ಒಣಕಲ ಮೈಯವರು. ಚೀಲದ ಮುಂದೆ ಕುಕ್ಕರಿಸಿ, ಕೊಕ್ಕೆ ಹಾಕಿ, ಉಸಿರು ಬಿಗಿಹಿಡಿದು ಎದ್ದರೆಂದರೆ ಬೆನ್ನ ಮೇಲೆ ಚೀಲ, ತೊಡೆಯಲ್ಲಿ ಹಗ್ಗದಂಥ ನರಗಳು. ಗಾತ್ರ ಬೇರೆ, ಕಸುವು ಬೇರೆ ಎಂಬುದನ್ನು ನಾನು ಅಲ್ಲಿ ಕಂಡೆ. ಹಾಗೆಂದು ಹಮಾಲಿಯನ್ನು ವ್ಯಾಯಾಮ ಎನ್ನಲಾರೆ. ಒಬ್ಬ ಮನುಷ್ಯ ಹೊರುವ ಭಾರ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಕ್ವಿಂಟಲ್ ತೂಕದ ಜೋಳದ ಚೀಲ ಹೊತ್ತ ಹಿಂದಿನ ತಲೆಮಾರಿನ ಹಮಾಲರ ಮೊಣಕಾಲು, ಬೆನ್ನು ಐವತ್ತಕ್ಕೇ ಸವೆದಿದ್ದನ್ನು ನಾನು ನೋಡಿದ್ದೇನೆ. ಸಾಮಿನಲ್ಲಿ ಭಾರವನ್ನು ನಾವು ಆರಿಸುತ್ತೇವೆ, ಬಿಡುವು ತೆಗೆದುಕೊಳ್ಳುತ್ತೇವೆ. ಅವರಿಗೆ ಎರಡೂ ಇರಲಿಲ್ಲ.

ಕಾಲೇಜಿನ ಕೊನೆಯ ವರ್ಷ 'ಶಾಂತಲಾ' ಕಾದಂಬರಿ ಓದಿದೆ. ಹೊಯ್ಸಳ ರಾಣಿಯ ಕಥೆಯನ್ನು ಅಷ್ಟು ಮೃದುವಾಗಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಸಾವಿರಾರು ಹುಡುಗರ ಮೈ ಕಟ್ಟಿದ ಗುರು ಎಂದು ಆಮೇಲೆ ತಿಳಿಯಿತು. 1930ರಲ್ಲೇ ಅವರು 'ಮಸಲ್ ಕಲ್ಟ್' ಎಂಬ ಪುಸ್ತಕ ಬರೆದಿದ್ದರು. ಡಂಬೆಲ್ಸ್ ಜೊತೆಗೆ ಸೂರ್ಯ ನಮಸ್ಕಾರವನ್ನೂ ಕಲಿಸುತ್ತಿದ್ದರು. ಅದಕ್ಕೂ ಎಂಟುನೂರು ವರ್ಷ ಹಿಂದೆ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರಿಗಾಗಿಯೇ 'ಮಲ್ಲವಿನೋದ' ಎಂಬ ಭಾಗವಿಟ್ಟ. ಹಾವೇರಿಯ ಸಿದ್ಧೇಶ್ವರ ಗುಡಿ ಆ ಚಾಲುಕ್ಯರ ಕಾಲದ್ದೇ. ಅದರ ಅಂಗಳದಲ್ಲಿ ಕುಳಿತಾಗಲೆಲ್ಲ, ಈ ಊರಿನಲ್ಲಿ ಮೈ ಕಟ್ಟುವ ವಿದ್ಯೆ ನಿನ್ನೆ ಮೊನ್ನೆಯದಲ್ಲ ಅನ್ನಿಸುತ್ತದೆ.

ನಿನ್ನೆ ಮೊನ್ನೆ ಬಂದದ್ದು ಡಬ್ಬದ ಪುಡಿ, ಸೂಜಿಮದ್ದು. ಪುಡಿಯ ಮೇಲೆ ನನಗೆ ದ್ವೇಷವಿಲ್ಲ. ಅದು ಹಾಲಿನ ನೀರಿನಿಂದ ತೆಗೆದ ಪ್ರೋಟೀನು, ಒಳ್ಳೆಯ ಕಂಪನಿಯದಾದರೆ ಆಹಾರವೇ. ಆದರೆ ನಾಲ್ಕೈದು ಸಾವಿರ ಕೊಟ್ಟು ಒಂದು ಡಬ್ಬ ತರುವ ಹುಡುಗ ಮುಂಜಾನೆಯ ತಿಂಡಿ ಬಿಟ್ಟಿರುತ್ತಾನೆ, ಅದೇ ನನ್ನ ಸಂಕಟ. ಸೂಜಿಯ ಮಾತು ಬೇರೆ. ಕೆಲವು ವರ್ಷದ ಹಿಂದೆ ನಾನು ಹೋಗುತ್ತಿದ್ದ ಒಂದು ಜಿಮ್ಮಿನಲ್ಲಿ ತರಬೇತಿ ಕೊಡುವವನೇ ಇಪ್ಪತ್ತರ ಹುಡುಗನೊಬ್ಬನಿಗೆ ಮೂರು ತಿಂಗಳಲ್ಲಿ ಮೈ ತುಂಬಿಸುತ್ತೇನೆಂದು ಸ್ಟಿರಾಯ್ಡ್ ಚುಚ್ಚಿದ. ಮೈ ತುಂಬಿತು, ನಿಜ. ಬೆನ್ನ ತುಂಬ ಮೊಡವೆ ಎದ್ದವು, ಎದೆ ಹೆಣ್ಣಿನಂತೆ ಉಬ್ಬಿತು, ಮಾತು ಮಾತಿಗೆ ಸಿಟ್ಟು. ಬಿಟ್ಟ ಆರು ತಿಂಗಳಿಗೆ ಬಂದ ಮಾಂಸ ಬಹುಪಾಲು ಹೋಯಿತು, ಮನಸ್ಸು ಕುಸಿಯಿತು. ಹೊರಗಿನಿಂದ ಗಂಡು ಹಾರ್ಮೋನು ಸುರಿದರೆ ಮೈ ತಾನೇ ತಯಾರಿಸುವುದನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ಮಕ್ಕಳಾಗುವುದಕ್ಕೇ ಕುತ್ತು ಬರಬಹುದು. ಹೃದಯದ ಗೋಡೆ ದಪ್ಪವಾಗುತ್ತದೆ, ಕೆಲವು ಮದ್ದುಗಳಿಂದ ಯಕೃತ್ತು ಕೆಡುತ್ತದೆ. ತೆಳ್ಳಗಿನ ಹುಡುಗರ ನಾಚಿಕೆಯನ್ನು ಹಿಡಿದು ಹಣ ಮಾಡುವ ಈ ದಂಧೆಯನ್ನು ನಾನು ಕ್ಷಮಿಸಲಾರೆ.

ಈಗ ನಾನು ಹಾವೇರಿಯಲ್ಲಿ ಹೈಸ್ಕೂಲು ಮಾಸ್ತರ. ನನ್ನ ತರಗತಿಯಲ್ಲಿ ಎರಡು ಬಗೆಯ ತೆಳ್ಳಗಿನ ಮಕ್ಕಳಿದ್ದಾರೆ. ಕೆಲವರದು ನನ್ನ ಹಾಗೆ ಹುಟ್ಟಿನ ಮೈಕಟ್ಟು. ಉಳಿದವರು ಮನೆಯಲ್ಲಿ ಊಟ ಸಾಲದ್ದಕ್ಕೆ ತೆಳ್ಳಗಿದ್ದಾರೆ. ಇವರಿಬ್ಬರನ್ನೂ ಒಂದೇ ಹೆಸರಿನಿಂದ ಕರೆದು ನಗುವುದು ದೊಡ್ಡ ತಪ್ಪು. ಸರ್ಕಾರಿ ಶಾಲೆಯಲ್ಲಿ 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲಿದೆ, ಈಗ ಮೊಟ್ಟೆಯಿದೆ, ಬೇಡವೆನ್ನುವವರಿಗೆ ಬಾಳೆಹಣ್ಣು ಇದೆ. ಮೊಟ್ಟೆ ಬಂದ ದಿನ ಹಿಂದಿನ ಬೆಂಚಿನ ಹುಡುಗರು ಊಟದ ಗಂಟೆಗೆ ಮೊದಲೇ ತಟ್ಟೆ ತೊಳೆದಿಟ್ಟುಕೊಂಡಿರುವುದನ್ನು ನೋಡಿದವರು ಆ ಯೋಜನೆಯ ವಿರುದ್ಧ ಮಾತಾಡಲಾರರು.

ಹೋದ ಜುಲೈಯಲ್ಲಿ ಒಬ್ಬ ಹುಡುಗ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, "ಸರ್, ಮೈ ಬರಾಕ ಯಾವ ಪೌಡರ್ ಚಲೋರಿ?" ಎಂದು ಕೇಳಿದ. ಮಳೆಗಾಲದ ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿದ್ದ. ಮೊದಲು ಆಸ್ಪತ್ರೆಗೆ ಕಳಿಸಿ ತಪಾಸಣೆ ಮಾಡಿಸಿದೆ. ಆಮೇಲೆ ಒಂದು ನೋಟ್‌ಬುಕ್ ಕೊಟ್ಟು ಒಂದು ವಾರ ತಿಂದದ್ದನ್ನು ಬರೆದುಕೊಂಡು ಬಾ ಎಂದೆ. ಅವರ ಮನೆಯಲ್ಲಿ ಎರಡು ಎಮ್ಮೆ, ಅಟ್ಟದ ಮೇಲೆ ಶೇಂಗಾ ಚೀಲ. ಹುಡುಗ ಮಾತ್ರ ಮುಂಜಾನೆ ಐದು ರೂಪಾಯಿಯ ಕುರಕುರೆ ತಿಂದು ಶಾಲೆಗೆ ಬರುತ್ತಿದ್ದ. ಅವನ ತಾಯಿಯನ್ನು ಕರೆಸಿ ಮಾತಾಡಿದೆ. ಈಗ ಹಾಲಿನ ಒಂದು ಲೋಟ ಡೇರಿಗೆ ಹೋಗುವ ಮೊದಲು ಅವನ ಕೈಗೆ ಬರುತ್ತದೆ. ಮೈದಾನದ ಅಂಚಿನಲ್ಲಿ 5 ದಂಡ, 10 ಬೈಠಕ್‌ನಿಂದ ಶುರು ಮಾಡಿಸಿದ್ದೇನೆ. ಬಂದಾಗ 41 ಕೆ.ಜಿ. ಇದ್ದ. ಮೊನ್ನೆ ಡಿಸೆಂಬರಿನಲ್ಲಿ 44. ಅವನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ ನಾನೇ ಬರೆದೆ.

ರಾಣೇಬೆನ್ನೂರಿನ ಆ ಗರಡಿ ಮನೆಗೆ ಈಗ ಬೀಗ ಬಿದ್ದಿದೆ. ಕಿಂಡಿಯಿಂದ ಇಣುಕಿದೆ: ಹನುಮಂತದೇವರಿಗೆ ಯಾರೋ ಶನಿವಾರ ಹೂವು ಹಾಕಿ ಹೋಗುತ್ತಾರೆ, ಗುಂಡುಕಲ್ಲುಗಳು ಸಾಲಾಗಿಯೇ ಇವೆ, ಮಣ್ಣು ಮಾತ್ರ ಅಗೆಯುವವರಿಲ್ಲದೆ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಬ್ಯಾಡಗಿ, ರಾಣೇಬೆನ್ನೂರು, ಹಾವೇರಿ, ನಮ್ಮ ಈ ಮೂರೂ ಊರುಗಳ ಹಿರಿಯರಲ್ಲಿ, ನಗರಸಭೆ ಪುರಸಭೆಗಳ ಸದಸ್ಯರಲ್ಲಿ ಕೈಮುಗಿದು ಕೇಳುತ್ತೇನೆ. ನಿಮ್ಮ ವಾರ್ಡಿನಲ್ಲಿ ಇಂಥ ಒಂದು ಮನೆ ಇದ್ದರೆ ಬೀಗ ತೆಗೆಸಿ. ಎರಡು ಸಲಿಕೆ, ಒಂದು ಬುಟ್ಟಿ ನಿಂಬೆಹಣ್ಣು, ನಾಲ್ಕು ಕೊಡ ಮಜ್ಜಿಗೆ ಸಾಕು. ಮಣ್ಣು ಅಗೆಯಲು ಹುಡುಗರನ್ನು ನಾನು ಕಳಿಸುತ್ತೇನೆ.